ಎಳೆಯ ಚರ್ಮ, ಕೆರಳಿದ ಕೋಶಗಳು



ಎಳೆಗೂಸಿನ ಕೆನ್ನೆಯಲ್ಲಿ, ಸ್ವಲ್ಪ ದೊಡ್ಡ ಮಗುವಾದರೆ ಮೊಣಕೈ ಮೊಣಕಾಲುಗಳ ಮಡಿಕೆಯಲ್ಲಿ, ಚರ್ಮ ಒಣಗಿ ಒರಟಾಗಿ ಬಿಡದೆ ತುರಿಸತೊಡಗಿದರೆ ನಾವು ಇಸುಬು ಎನ್ನುತ್ತೇವೆ. ವೈದ್ಯರು ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಅದರ ಬೆನ್ನಿಗೇ ಮನೆಯಲ್ಲಿ ಎರಡು ಮಾತು ಹೊರಡುತ್ತವೆ: ತಿಂದದ್ದೇನೋ ನಂಜಾಗಿದೆ, ಮಗುವಿಗೆ ರೋಗನಿರೋಧಕ ಶಕ್ತಿ ಸಾಲದು, ಟಾನಿಕ್ ಕೊಡಿಸಬೇಕು. ಎರಡರ ಹಿಂದೆಯೂ ಕಾಳಜಿಯೇ ಇದೆ. ಆದರೆ ಸಂಶೋಧನೆಗಳು ತೋರಿಸಿರುವುದು ಬೇರೆ. ಇಸುಬು ಬಂದ ಚರ್ಮದಲ್ಲಿ ಒಂದು ಬಗೆಯ ರೋಗನಿರೋಧಕ ಕೋಶಗಳು ಬೇಡದ ಕಡೆ, ಬೇಡದಷ್ಟು ಕೆಲಸ ಮಾಡುತ್ತಿರುತ್ತವೆ. ಅವನ್ನು ಬೇಗ ತಣಿಸಿ ಚರ್ಮವನ್ನು ಮತ್ತೆ ಗಟ್ಟಿಮಾಡುವುದೇ ಸರಿಯಾದ ದಾರಿ ಎಂಬುದು ಇಂದಿನ ನನ್ನ ವಾದ.

ಚರ್ಮದ ಮೇಲ್ಪದರ ಸಡಿಲವಾದಲ್ಲಿ ನುಸಿಯ ಕಣ, ಸೋಪಿನ ಅಂಶ, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷ ಒಳಗಿಳಿಯುತ್ತವೆ. ಚರ್ಮದ ಕೋಶಗಳು ಅಪಾಯದ ಸಂಕೇತಗಳನ್ನು ಹೊರಬಿಡುತ್ತವೆ. ಮೇಲ್ಪದರದಲ್ಲಿ ಕವಲು ಚಾಚಿಕೊಂಡಿರುವ ಲ್ಯಾಂಗರ್‌ಹಾನ್ಸ್ ಕೋಶಗಳು ಒಳಬಂದ ವಸ್ತುವಿನ ಚೂರನ್ನು ಹಿಡಿದು ದುಗ್ಧರಸ ಗ್ರಂಥಿಗೆ ಒಯ್ದು ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಿಗೆ ತೋರಿಸುತ್ತವೆ. ಇಸುಬಿನ ಮಕ್ಕಳಲ್ಲಿ ಈ ಟಿ ಕೋಶಗಳಲ್ಲಿ ಹಲವು, ಹೊಟ್ಟೆಹುಳುಗಳ ವಿರುದ್ಧ ದೇಹ ಬಳಸುವ ‘ಎರಡನೆಯ ಬಗೆ’ಯ ಹಾದಿ ಹಿಡಿದು ಇಂಟರ್‌ಲ್ಯೂಕಿನ್ 4, 13 ಮತ್ತು 31 ಎಂಬ ಪ್ರೋಟೀನುಗಳನ್ನು ಸ್ರವಿಸುತ್ತವೆ. ಇಂಟರ್‌ಲ್ಯೂಕಿನ್ 31 ನರಗಳನ್ನು ತಟ್ಟಿ ತುರಿಕೆ ಎಬ್ಬಿಸುತ್ತದೆ. 4 ಮತ್ತು 13 ಚರ್ಮದ ತೇವ ಕಾಯುವ ಫಿಲಾಗ್ರಿನ್ ಪ್ರೋಟೀನಿನ ತಯಾರಿಯನ್ನೇ ತಗ್ಗಿಸುತ್ತವೆ. ಮಗು ಕೆರೆಯುತ್ತದೆ, ಚರ್ಮ ಇನ್ನಷ್ಟು ಹರಿಯುತ್ತದೆ, ಇನ್ನಷ್ಟು ಕೋಶಗಳು ಧಾವಿಸುತ್ತವೆ. ಗಾಯ ಮಾಯ್ದ ಮೇಲೂ ಕೆಲವು ಟಿ ಕೋಶಗಳು ಹಳೆಯ ನೆನಪಿನೊಂದಿಗೆ ಅಲ್ಲೇ ಬೀಡುಬಿಡುವುದರಿಂದ ಇಸುಬು ಮತ್ತೆ ಮತ್ತೆ ಅದೇ ಜಾಗದಲ್ಲಿ ಮರುಕಳಿಸುತ್ತದೆ.

ತಪ್ಪು ಮೊದಲು ಚರ್ಮದ್ದೇ ಅಲ್ಲವೆ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಬಲವಿದೆ. ಫಿಲಾಗ್ರಿನ್ ಜೀನಿನ ದೋಷ ಇಸುಬಿನ ಸಾಧ್ಯತೆಯನ್ನು ಬಹಳ ಹೆಚ್ಚಿಸುತ್ತದೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಆದರೆ ಆ ದೋಷವಿದ್ದೂ ಇಸುಬು ಬಾರದವರು ಬಹಳ ಮಂದಿ; ದೋಷವಿಲ್ಲದೆ ಬಂದವರೂ ಅಷ್ಟೇ. ಅಪಾಯವಿದ್ದ 1,394 ಶಿಶುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಮೊದಲ ವರ್ಷ ದಿನವೂ ತೇವಕಾರಿ ಮುಲಾಮು ಹಚ್ಚಿದರೂ ಇಸುಬು ತಪ್ಪಲಿಲ್ಲ. ಇತ್ತ, ಫಾಕ್ಸ್‌ಪಿ3 ಜೀನ್ ಕೆಟ್ಟು, ಉಳಿದ ಕೋಶಗಳನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳಿಲ್ಲದೆ ಹುಟ್ಟುವ ಅಪರೂಪದ ಗಂಡುಮಕ್ಕಳಿಗೆ ಎಳವೆಯಲ್ಲೇ ತೀವ್ರ ಇಸುಬು ಬರುತ್ತದೆ. ಚರ್ಮ ಬಾಗಿಲು ತೆರೆಯಬಹುದು. ರೋಗ ನೆಲೆನಿಲ್ಲುವುದು ಕೋಶಗಳ ಹತೋಟಿ ತಪ್ಪಿದಾಗ.

ಹಾಗಾದರೆ ಈ ಮಕ್ಕಳ ಚರ್ಮ ಪದೇ ಪದೇ ಕೀವುಗಟ್ಟುವುದೇಕೆ, ಅದು ಶಕ್ತಿ ಕುಂದಿದ ಗುರುತಲ್ಲವೆ? ಕುಂದಿರುವುದು ಚರ್ಮದ ಸ್ಥಳೀಯ ರಕ್ಷಣೆ, ಅದನ್ನು ಕುಂದಿಸುವುದರಲ್ಲಿ ಅದೇ ಇಂಟರ್‌ಲ್ಯೂಕಿನ್‌ಗಳ ಕೈಯಿದೆ: ಬ್ಯಾಕ್ಟೀರಿಯಾ ಕೊಲ್ಲುವ ಚರ್ಮದ ಪ್ರೋಟೀನುಗಳನ್ನು ಅವು ಅದುಮುತ್ತವೆ. ಟಾನಿಕ್ ಇದನ್ನು ಸರಿಪಡಿಸದು. ಇನ್ನು ನಂಜಿನ ಮಾತು. ಕೆಲವು ಮಕ್ಕಳಿಗೆ ಆಹಾರದ ಅಲರ್ಜಿ ನಿಜವಾಗಿಯೂ ಇರುತ್ತದೆ. ಆದರೆ ಅದೆಷ್ಟೋ ಸಲ ಅಲರ್ಜಿ ಬೆಳೆಯುವುದು ಒಡೆದ ಚರ್ಮದ ಮೂಲಕ. ಬಾಯಿಂದ ಒಳಹೋದ ಆಹಾರ ಸಹನೆಯನ್ನು ಕಲಿಸುತ್ತದೆ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನದ ಫಲಿತಾಂಶ 2015ರಲ್ಲಿ ಹೊರಬಂತು: ಕಡಲೆಕಾಯಿಯನ್ನು ಮೊದಲ ವರ್ಷದಲ್ಲೇ ತಿನ್ನಿಸತೊಡಗಿದವರಲ್ಲಿ ಅದರ ಅಲರ್ಜಿ ಸುಮಾರು ಶೇಕಡ 80ರಷ್ಟು ಕಡಿಮೆಯಾಗಿತ್ತು. ತೀವ್ರ ಇಸುಬಿದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಬೇಕು, ನಿಜ. ಪರೀಕ್ಷೆಯಿಲ್ಲದೆ ಒಂದೊಂದೇ ಆಹಾರ ಬಿಡಿಸುತ್ತ ಹೋದರೆ ಮಾತ್ರ ಮಗು ಸೊರಗುತ್ತದೆ, ಇಸುಬು ಉಳಿಯುತ್ತದೆ.

ಕೊನೆಯ ಅಂಜಿಕೆ ಸ್ಟಿರಾಯ್ಡ್ ಮುಲಾಮಿನದು. ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಕೊಂಡು ತಿಂಗಳುಗಟ್ಟಲೆ ಬಳಿದುಕೊಂಡ ಬಲವಾದ ಮುಲಾಮುಗಳು ನಮ್ಮ ದೇಶದಲ್ಲಿ ಮಾಡಿರುವ ಹಾನಿ ಸಣ್ಣದಲ್ಲ. ಆದರೆ ವೈದ್ಯರು ಮಗುವಿನ ವಯಸ್ಸು, ಚರ್ಮದ ಜಾಗ ನೋಡಿ ಅಳತೆಯಲ್ಲಿ ಬರೆದುಕೊಟ್ಟ ಮುಲಾಮು ಕೆರಳಿದ ಕೋಶಗಳನ್ನು ಅಲ್ಲಲ್ಲೇ ತಣಿಸುತ್ತದೆ. ಅದರೊಂದಿಗೆ ದಿನನಿತ್ಯದ ತೇವಕಾರಿ ಬೇಕು: ರೋಗವನ್ನು ಅದು ತಡೆಯಲಾರದಾದರೂ ಬಂದ ರೋಗವನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ. ಇಂಟರ್‌ಲ್ಯೂಕಿನ್ 4 ಮತ್ತು 13ರ ಸಂಕೇತವನ್ನಷ್ಟೇ ತಡೆಯುವ ಡ್ಯುಪಿಲುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2017ರಲ್ಲಿ ವಯಸ್ಕರಿಗೆ, 2022ರಲ್ಲಿ ಆರು ತಿಂಗಳು ದಾಟಿದ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. ಆ ಎರಡನ್ನು ತಡೆದರೆ ತುರಿಕೆ ತಗ್ಗಿ ಚರ್ಮ ಮಾಯುತ್ತದೆ ಎಂಬುದಕ್ಕಿಂತ ನೇರವಾದ ಸಾಕ್ಷ್ಯ ನನ್ನ ವಾದಕ್ಕೆ ಬೇಕಿಲ್ಲ. ಆ ಮದ್ದು ದುಬಾರಿ, ಎಲ್ಲ ಮಕ್ಕಳಿಗೂ ಬೇಕಾಗಿಯೂ ಇಲ್ಲ. ಬಹುಪಾಲು ಮಕ್ಕಳಿಗೆ ಮುಲಾಮನ್ನು ಅಂಜದೆ, ತಡಮಾಡದೆ, ಹೇಳಿದಷ್ಟು ದಿನ ಹಚ್ಚಿದರೆ ಸಾಕು. ಇಸುಬಿಗೆ ತಾಯಿಯ ಊಟವನ್ನೂ ಮಗುವಿನ ಬಲವನ್ನೂ ದೂರುವುದನ್ನು ಬಿಟ್ಟು ಆ ಚಿಕಿತ್ಸೆಗೆ ಮನೆಮಂದಿಯೆಲ್ಲ ಒತ್ತಾಸೆಯಾಗಿ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.