ಉಬ್ಬಸವಿದ್ದವರ ಈಜು

ಉಬ್ಬಸದ ಮಗು ಈಜು ಕಲಿಯುತ್ತೇನೆಂದು ಬಾಯಿಬಿಟ್ಟರೆ ಸಾಕು, ಮನೆಯ ಹಿರಿಯರು ಹೌಹಾರುತ್ತಾರೆ. ನೀರೆಂದರೆ ಶೀತ, ಶೀತವೆಂದರೆ ಗೂರಲು. ಇದು ಅವರ ತರ್ಕ. ಅದು ತೀರ ನಿರಾಧಾರವಾದುದೇನಲ್ಲ. ಆದರೆ 1956, 1960, 1964ರ ಮೂರು ಒಲಿಂಪಿಕ್‌ಗಳಲ್ಲಿಯೂ 100 ಮೀಟರ್ ಈಜಿನ ಚಿನ್ನವನ್ನು ಅನ್ಯರಿಗೆ ಬಿಟ್ಟುಕೊಡದ ಆಸ್ಟ್ರೇಲಿಯದ ಡಾನ್ ಫ್ರೇಸರ್ ಉಬ್ಬಸದವರೇ ಎಂಬುದನ್ನು ನೆನೆದಾಗ, ಆ ತರ್ಕವನ್ನು ತುಸು ಕೆದಕಿ ನೋಡಬೇಕೆನಿಸುತ್ತದೆ.

ಓಡುವಾಗ ಉಬ್ಬಸದವರಿಗೆ ಉಸಿರು ಕಟ್ಟುವುದೇಕೆ? ರಭಸದಿಂದ ಬಾಯಿಯ ಮೂಲಕ ಎಳೆದುಕೊಂಡ ಒಣಗಾಳಿಯು ಶ್ವಾಸನಾಳಗಳ ಒಳಪದರದ ತೇವವನ್ನೂ ಕಾವನ್ನೂ ಹೀರುತ್ತದೆ. ಕೆರಳಿದ ನಾಳಗಳು ಬಿಗಿದುಕೊಳ್ಳುತ್ತವೆ. ಈಜುವವನಾದರೋ ನೀರಿನ ಮೇಲ್ಮೈಗೆ ತಾಗಿದ ತೇವದ ಗಾಳಿಯನ್ನೇ ಸೇವಿಸುತ್ತಾನೆ. ಫಿಚ್ ಮತ್ತು ಮಾರ್ಟನ್ ಎಂಬಿಬ್ಬರು 1971ರಲ್ಲಿ ಓಟ, ಸೈಕಲ್ ತುಳಿತ, ಈಜು ಮೂರನ್ನೂ ಹೋಲಿಸಿ, ಈಜಿನಲ್ಲಿ ಉಬ್ಬಸ ಕೆರಳುವುದು ಕಡಿಮೆಯೆಂದು ತೋರಿಸಿದರು. ಅಭ್ಯಾಸದಿಂದ ಮಕ್ಕಳ ಶ್ವಾಸಕೋಶದ ಬಲವೂ ದೇಹದಾರ್ಢ್ಯವೂ ಹೆಚ್ಚುವುದೆಂದು ಅನಂತರದ ಪ್ರಯೋಗಗಳು ತಿಳಿಸಿವೆ. ರೋಗ ಬೇರುಸಹಿತ ಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ದಿನನಿತ್ಯದ ಔಷಧಿಯನ್ನಂತೂ ಬಿಡಬೇಡಿ.

ಇನ್ನು ಕೊಳದ ಮಾತು. ಕ್ಲೋರಿನ್ನಿನ ಘಾಟು ಹೆಚ್ಚಿದಷ್ಟೂ ನೀರು ಶುದ್ಧವೆಂದು ನಾವು ಭಾವಿಸುತ್ತೇವೆ. ನಿಜಸಂಗತಿ ಬೇರೆ. ಕ್ಲೋರಿನ್ ಈಜುಗರ ಬೆವರು, ಮೂತ್ರಗಳೊಡನೆ ಕೂಡಿ ಹುಟ್ಟಿಸುವ ಕ್ಲೋರಮೀನ್‌ಗಳದು ಆ ಘಾಟು. ಗಾಳಿಯಾಡದ ಛಾವಣಿಯ ಕೆಳಗೆ ಅವು ನೀರಿನ ಮೇಲೆಯೇ, ಅಂದರೆ ಈಜುವವನು ಉಸಿರೆಳೆಯುವಲ್ಲಿಯೇ, ನೆಲೆನಿಲ್ಲುತ್ತವೆ. ಮೂಗಿಗೆ ಘಾಟು ಹೊಡೆಯುವ ಕೊಳದಿಂದ ಹಿಂದಿರುಗುವುದೇ ಲೇಸು. ಮೈ ತೊಳೆದುಕೊಂಡು ಇಳಿಯಿರೆಂಬ ಫಲಕ ಅಲಂಕಾರಕ್ಕಲ್ಲ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತ ನಮ್ಮ ಹಿಂದಿನವರಿಗೆ ಈ ಕಾಟವಿರಲಿಲ್ಲ, ನಿಜ. ಆದರೆ ತಣ್ಣನೆಯ ಆಳದ ನೀರಿಗೆ ಥಟ್ಟನೆ ಧುಮುಕುವುದು ಉಬ್ಬಸದವರಿಗೆ ಹೇಳಿಸಿದ್ದಲ್ಲ.

ವೈದ್ಯರ ಒಪ್ಪಿಗೆ ಮೊದಲು. ನೆಗಡಿಯಿದ್ದ ದಿನ, ರಾತ್ರಿಯೆಲ್ಲ ಕೆಮ್ಮಿ ನಿದ್ದೆಗೆಟ್ಟ ದಿನ ನೀರಿನ ಆಸೆ ಬೇಡ. ವೈದ್ಯರು ಸೂಚಿಸಿದ್ದರೆ ಸಾಲ್ಬುಟಮಾಲ್ ಇನ್‌ಹೇಲರನ್ನು ಕಾಲು ಗಂಟೆ ಮುಂಚೆಯೇ ಸೇದಿಕೊಂಡು, ಮೊದಮೊದಲು ನಿಧಾನವಾಗಿ ಈಜಬೇಕು. ಆ ಇನ್‌ಹೇಲರ್ ಇರಬೇಕಾದುದು ಕೊಳದ ಅಂಚಿನಲ್ಲಿ. ಬೀಗ ಹಾಕಿದ ಕಪಾಟಿನಲ್ಲಲ್ಲ. ಎದೆ ಬಿಗಿದರೆ, ಜೊತೆಯವರು ನಕ್ಕಾರೆಂದು ಇನ್ನೊಂದು ಸುತ್ತು ಹೊಡೆಯದೆ, ಮೇಲೆ ಬಂದು ನೆಟ್ಟಗೆ ಕುಳಿತು ಔಷಧಿ ಸೇದುವುದು. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆಗೆ ಹೊರಡಲು ತಡಮಾಡಬಾರದು. ಒಬ್ಬರೇ ಇಳಿಯುವುದಂತೂ ಸಲ್ಲ. ಉಬ್ಬಸವಿದೆಯೆಂದು ಕಾವಲಿನವರಿಗೂ ಕಲಿಸುವವರಿಗೂ ತಿಳಿಸಿರಬೇಕು.

ತಿಳಿಸಿಯೂ ಕೆಟ್ಟವನೊಬ್ಬನಿದ್ದಾನೆ. 1972ರ ಮ್ಯೂನಿಕ್ ಒಲಿಂಪಿಕ್‌ನಲ್ಲಿ 400 ಮೀಟರ್ ಗೆದ್ದ ಅಮೆರಿಕದ ರಿಕ್ ಡಿಮಾಂಟ್‌ಗೆ ಆಗ 16 ವರ್ಷ. ಉಬ್ಬಸದ ಔಷಧಿಯಲ್ಲಿ ನಿಷಿದ್ಧವಾದ ಎಫಿಡ್ರಿನ್ ಇದ್ದುದರಿಂದ ಅವನ ಚಿನ್ನವನ್ನು ಕಸಿದುಕೊಂಡರು. ಔಷಧಿಯ ಹೆಸರನ್ನು ಅವನು ಮೊದಲೇ ಬರೆದುಕೊಟ್ಟಿದ್ದನೆಂದು ಅವನ ದೇಶದ ಒಲಿಂಪಿಕ್ ಸಮಿತಿ ಒಪ್ಪಿಕೊಂಡದ್ದು 2001ರಲ್ಲಿ. ಆದರೆ 1973ರಲ್ಲಿಯೇ, ಬೆಲ್‌ಗ್ರೇಡಿನ ವಿಶ್ವ ಸ್ಪರ್ಧೆಯಲ್ಲಿ, ಆ ಹುಡುಗ 400 ಮೀಟರನ್ನು 4 ನಿಮಿಷದೊಳಗೆ ಈಜಿದ್ದ. ಅದುವರೆಗೆ ಯಾರೂ ಹಾಗೆ ಈಜಿರಲಿಲ್ಲ.