ಹಿತ್ತಲಿನ ಸೊಪ್ಪೂ ದಾಸೋಹವೇ



ಆಯನೂರಿನ ಸುತ್ತಮುತ್ತಲ ಬಡವರಿಗೆ ದೊಡ್ಡ ಕಾಯಿಲೆ ಬಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಗತಿ. ವೈದ್ಯರು ಔಷಧ ಕೊಟ್ಟು, ಸೊಪ್ಪು ತರಕಾರಿ ಚೆನ್ನಾಗಿ ತಿನ್ನಿ ಎಂದು ಹೇಳಿ ಕಳಿಸುತ್ತಾರೆ. ಮಾತ್ರೆಯೇನೋ ಅಲ್ಲಿ ಸಿಕ್ಕೀತು. ತರಕಾರಿಯನ್ನು ಕೊಡುವವರು ಯಾರು? 2013ರಲ್ಲಿ ಅನ್ನಭಾಗ್ಯ ಬಂದು ಅಕ್ಕಿಯ ಚಿಂತೆ ಕಡಿಮೆಯಾಯಿತು. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ತರಕಾರಿಯಿಲ್ಲ.

ಮನುಷ್ಯನಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದೆ. ನಾಲ್ಕು ಜನರ ಮನೆಗೆ ದಿನಕ್ಕೆ 1,600 ಗ್ರಾಂ ಆಯಿತು. ದುಡಿಯುವವನೇ ಹಾಸಿಗೆ ಹಿಡಿದಾಗ ಆ ಮನೆ ಮೊದಲು ಬಿಡುವುದು ತರಕಾರಿಯನ್ನೇ. ಉಪ್ಪು ಕಡಿಮೆ ಮಾಡೆಂದು ವೈದ್ಯರಿಂದ ಹೇಳಿಸಿಕೊಂಡ ರಕ್ತದೊತ್ತಡದ ರೋಗಿ ಕಡೆಗೆ ಗಂಜಿಗೆ ಉಪ್ಪಿನಕಾಯಿ ನಂಜಿಕೊಂಡು ಉಣ್ಣುತ್ತಾನೆ! ಔಷಧ ಒಂದು ದಾರಿ, ಊಟ ಇನ್ನೊಂದು ದಾರಿ.

ಆಹಾರವೂ ಚಿಕಿತ್ಸೆಯ ಭಾಗವೆಂದು ಸರ್ಕಾರವೇ ಒಪ್ಪಿದೆ. ಕ್ಷಯರೋಗಿಗೆ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಲ್ಲಿ 1,000 ರೂಪಾಯಿಗೆ ಏರಿಸಿತು. ಉಳಿದ ರೋಗಿಗಳ ತಟ್ಟೆಯನ್ನು ನೋಡುವ ಹೊಣೆ ಊರಿನದಲ್ಲವೆ?

ನಮ್ಮದು ಭತ್ತ, ಅಡಿಕೆ, ಮೆಕ್ಕೆಜೋಳದ ಸೀಮೆ. ತೋಟವಿದ್ದವರೂ ಈಗ ಸಂತೆಯಿಂದ ಸೊಪ್ಪು ತರುತ್ತಾರೆ. ಬಚ್ಚಲ ನೀರು ಹರಿಯುವೆಡೆ ಬಸಳೆ, ಬೇಲಿಗೆ ನುಗ್ಗೆ, ಅಂಗಳದಂಚಿಗೆ ಹರಿವೆ ಬೆಳೆಯುವುದಕ್ಕೆ ಎಷ್ಟು ಜಾಗ ಬೇಕು? ಪ್ರತಿಯೊಬ್ಬ ರೈತನೂ ಎರಡು ಪಾತಿಯನ್ನು ಊರಿನ ರೋಗಿಗಳಿಗೆಂದು ಮೀಸಲಿಡಲಿ. ಅಗತ್ಯವಿರುವವರು, ಅವರು ಒಪ್ಪಿದರೆ, ಆಶಾ ಕಾರ್ಯಕರ್ತೆಯ ಮೂಲಕ ತಿಳಿಸಲಿ. ಕೊಯ್ದ ದಿನವೇ ಅದು ಅವರ ಮನೆಗೆ ಮುಟ್ಟಲಿ. ಸಣ್ಣ ಹಿಡುವಳಿಯವನಿಂದ ಪುಕ್ಕಟೆ ಕೇಳಬೇಡಿ. ಉಳ್ಳವರು ಹಣ ಕೂಡಿಸಿ ಅವನಿಗೆ ನ್ಯಾಯವಾದ ಬೆಲೆ ಕೊಡಿ. ಒಬ್ಬ ಬಡವನ ಹೊಟ್ಟೆ ತುಂಬಿಸಲು ಇನ್ನೊಬ್ಬ ಬಡವನ ಹೊಟ್ಟೆಗೆ ಹೊಡೆಯಬಾರದು. ಮೂತ್ರಪಿಂಡದ ಕಾಯಿಲೆಯವರಿಗೆ ಕೆಲವು ಸೊಪ್ಪು ತರಕಾರಿ ಆಗಿಬರುವುದಿಲ್ಲ; ಅವರು ವೈದ್ಯರನ್ನು ಕೇಳಿಯೇ ತಿನ್ನಲಿ.

ಸಂತೆ ಮುಗಿದ ಮೇಲೆ ಉಳಿದ ಬಾಡಿದ ಸೊಪ್ಪನ್ನು ಕೊಟ್ಟು ಕೈತೊಳೆದುಕೊಳ್ಳುವುದು ದಾಸೋಹವಲ್ಲ. ನಿಮ್ಮ ಮಗುವಿಗೆ ಯಾವುದನ್ನು ಆರಿಸಿ ಬಡಿಸುತ್ತೀರೋ ಅದನ್ನೇ ಕೊಡಿ. ಕೊಟ್ಟೆನೆಂಬ ಭಾವ ಬಂದರೆ ಅದು ದಾನ. ಅವರ ಪಾಲು ಅವರಿಗೆ ಸೇರಿತೆಂಬ ಭಾವ ಬಂದರೆ ಅದು ದಾಸೋಹ. ರೋಗಿ ಎದ್ದು ಓಡಾಡುವಂತಾದ ದಿನ ಅವನ ಕೈಗೂ ಒಂದು ಬಸಳೆಯ ಕುಡಿ ಕೊಡಿ. ಮುಂದೆ ಅವನ ಹಿತ್ತಲಿನಿಂದ ಇನ್ನೊಂದು ಮನೆಗೆ ಸೊಪ್ಪು ಹೋಗಲಿ.