ಹಾಸಿಗೆ ಹುಣ್ಣು: ಆರೈಕೆಯ ಸರದಿ ಎಲ್ಲರದು



ತಂದೆ ತಾಯಿಯರ ಸೇವೆಯ ಮಹತ್ವವನ್ನು ಎಷ್ಟೋ ಜುಮಾ ಪ್ರವಚನಗಳಲ್ಲಿ ಕೇಳಿದ್ದೇವೆ. ಲಕ್ವ ಹೊಡೆದೋ ಸೊಂಟದ ಮೂಳೆ ಮುರಿದೋ ಅವರು ಹಾಸಿಗೆ ಹಿಡಿದಾಗ ಆ ಸೇವೆಯ ದೊಡ್ಡ ಭಾಗವೆಂದರೆ ಹೊತ್ತು ಹೊತ್ತಿಗೆ ಅವರ ಮಗ್ಗುಲು ಬದಲಿಸುವುದು.

ಒಂದೇ ಭಂಗಿಯಲ್ಲಿ ಮಲಗಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಅದುಮಿಕೊಂಡು ರಕ್ತಸಂಚಾರ ಕುಂದುತ್ತದೆ. ಸೊಂಟದ ಹಿಂಭಾಗ ಮತ್ತು ಪಕ್ಕ, ಹಿಮ್ಮಡಿ, ಮೊಣಕೈಗಳಲ್ಲಿ ಹುಣ್ಣಾಗುತ್ತದೆ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಇದರ ಮೊದಲ ಲಕ್ಷಣ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದು. ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ. ಅಲ್ಲಿ ತಿಕ್ಕಬೇಡಿ.

ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರೋಗಿಯನ್ನು ಎಳೆಯಬೇಡಿ, ಇಬ್ಬರು ಸೇರಿ ಕೆಳಗಿನ ಹಾಸುಬಟ್ಟೆ ಹಿಡಿದು ಎತ್ತಿ ಸರಿಸಿ. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದು. ಗಾಳಿ ಹಾಸಿಗೆ ತಂದರೂ ಮಗ್ಗುಲು ಬದಲಿಸುವುದು ತಪ್ಪದು. ಒದ್ದೆಯಾದ ಬಟ್ಟೆಯನ್ನು ಕೂಡಲೇ ತೆಗೆಯಿರಿ. ವೈದ್ಯರು ಬೇಡವೆನ್ನದಿದ್ದರೆ ಮೊಟ್ಟೆ, ಬೇಳೆ, ಮೀನು, ಹಾಲು ಕೊಡಿ.

ಚರ್ಮ ಒಡೆದರೆ ವೈದ್ಯರಿಗೆ ಅಥವಾ ನರ್ಸ್‌ಗೆ ತೋರಿಸಿ. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕುದಿಸಿ, ಆರಿಸಿ, ಗಾಯ ತೊಳೆಯಬಹುದು. ಅರಿಶಿನ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಡಿ. ದುರ್ವಾಸನೆ, ಕೀವು, ಜ್ವರ, ಕಪ್ಪು ಚರ್ಮ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇಷ್ಟನ್ನೂ ಮಾಡುವವರು ಯಾರು? ನಮ್ಮ ಶ್ರೀಗಂಧದ ಕಾವಲ್‌ನಂಥ ಕಡೆ ಗಂಡಸರು ಪೀಣ್ಯದ ಪಾಳಿಗೆ, ಮಕ್ಕಳು ಕಾಲೇಜಿಗೆ ಹೋದರೆ ಮನೆಯಲ್ಲಿ ಉಳಿಯುವವಳು ಸೊಸೆಯೊಬ್ಬಳೇ. ಹಗಲೂ ರಾತ್ರಿಯೂ ಅವಳೇ ಎದ್ದರೆ ಅವಳೂ ಹಾಸಿಗೆ ಹಿಡಿಯುತ್ತಾಳೆ. ಹೆತ್ತವರ ಸೇವೆಯ ಹೊಣೆ ಮೊದಲು ಮಕ್ಕಳದು. ಆದ್ದರಿಂದ ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿ. ಫಜ್ರ್‌ಗೆ ಎದ್ದ ಮಗ, ಇಶಾ ಮುಗಿಸಿ ಬಂದ ಮೊಮ್ಮಗ ತಮ್ಮ ಸರದಿ ಮಾಡಲಿ. ಆದರೆ ಫಜ್ರ್‌ನಿಂದ ಝುಹರ್‌ವರೆಗಿನ ಅಂತರ ದೀರ್ಘ. ನಡುವಿನ ಸರದಿಗಳಿಗೂ ಹೆಸರು ಬರೆಯಿರಿ.

ಮನೆಯಲ್ಲಿ ಕೈ ಸಾಲದಿದ್ದರೆ ನೆರೆಹೊರೆಯಿದೆ. ಕೋಝಿಕ್ಕೋಡ್‌ನಲ್ಲಿ 1993ರಲ್ಲಿ ಆರಂಭವಾದ ಪಾಲಿಯೇಟಿವ್ ಆರೈಕೆಯ ಕೆಲಸ ಮುಂದೆ ಕೇರಳದ ಊರೂರಿಗೆ ಹಬ್ಬಿತು. ತರಬೇತಿ ಪಡೆದ ಸಾಮಾನ್ಯ ಜನರೇ ರೋಗಿಗಳ ಮನೆಗೆ ಹೋದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು. ವಿದ್ಯಾರ್ಥಿಗಳೇ, ನಿಮ್ಮ ಬೀದಿಯಲ್ಲಿ ಇಂಥ ಮನೆಯಿದ್ದರೆ ಕದ ತಟ್ಟಿ. ಹುಡುಗರು ಅಜ್ಜನಿಗೆ, ಹುಡುಗಿಯರು ಅಜ್ಜಿಗೆ ಕೈ ಕೊಡಿ. ಎರಡನೆಯ ಜೊತೆ ಕೈ ಸಿಕ್ಕರೆ ಆ ಮನೆಯ ಹೆಣ್ಣುಮಗಳಿಗೆ ಒಂದಿಷ್ಟು ನಿದ್ದೆ ಸಿಗುತ್ತದೆ.

ಅಲ್ಲಾಹನು ನಮಗೆಲ್ಲ ಈ ಸೇವೆಯ ಭಾಗ್ಯ ಕರುಣಿಸಲಿ. ವಸ್ಸಲಾಮ್.